ಕ್ಲಚ್ಚಿಗೂ ಕಾಲಿಗೂ ನಡುವೆ ಒಂದು ಅಟ್ಟೆ

ಕಾರು ಆಶಾರಾಣಿಯ ಹೆಸರಿನಲ್ಲಿತ್ತು. ಅದರ ಕೀಲಿಕೈ ಅವಳ ಗಂಡ ನಾಗೇಶನ ಅಂಗಿ ಜೇಬಿನಲ್ಲಿತ್ತು. ಇದನ್ನು ಆ ಮನೆಯಲ್ಲಿ ಯಾರೂ ತಪ್ಪು ಅಂದುಕೊಂಡಿರಲಿಲ್ಲ. ಗುಡಿ ದೇವರದಾದರೂ ಬೀಗದ ಕೈ ಪೂಜಾರಿಯ ಸೊಂಟದಲ್ಲಿ ಇರುವುದನ್ನು ನೋಡಿಕೊಂಡು ಬೆಳೆದವರು ಅವರೆಲ್ಲ.

ಮದ್ದೂರಿನಿಂದ ಮಳವಳ್ಳಿ ರಸ್ತೆಯಲ್ಲಿ ಒಂದಷ್ಟು ದೂರ ಬಂದು, ನಾಲೆಯ ಏರಿ ಹಿಡಿದು ಒಳಕ್ಕೆ ತಿರುಗಿದರೆ ಅವರ ಊರು. ಆಶಾರಾಣಿ ಮದ್ದೂರಿನ ಶಾಲೆಯೊಂದರಲ್ಲಿ ಟೀಚರು. ನಾಗೇಶ ಊರಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುವವನು. ಅವನು ಎತ್ತರದ ಆಳು, ಹಳೇ ಮನೆಗಳ ಬಾಗಿಲು ದಾಟುವಾಗ ತಲೆ ತಗ್ಗಿಸದೆ ಗತಿಯಿಲ್ಲ. ಅವಳು ಅವನ ಎದೆಯ ಮಟ್ಟಕ್ಕೆ ಬರುತ್ತಾಳೆ, ಅದೂ ಚಪ್ಪಲಿ ಹಾಕಿಕೊಂಡರೆ. ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆಯಬೇಕಾದರೆ ಕುರ್ಚಿ ಎಳೆದುಕೊಳ್ಳುತ್ತಾಳೆ. ಭಗವಂತ ಜೋಡಿ ಕೂಡಿಸುವಾಗ ಅಳತೆಪಟ್ಟಿ ಹಿಡಿದು ಕೂರುವುದಿಲ್ಲ. ಕಾರು ಮಾಡುವವರು ಮಾತ್ರ ಹಿಡಿದು ಕೂರುತ್ತಾರೆ, ಮತ್ತು ಅವರ ಅಳತೆ ನಾಗೇಶನ ಕಡೆಗಿತ್ತು.

ಕಾರು ಬಂದ ದಿನ ಮನೆದೇವರ ಗುಡಿಯ ಮುಂದೆ ಪೂಜೆಯಾಯಿತು. ಚಕ್ರದಡಿ ನಿಂಬೆಹಣ್ಣು, ಮುಂದೆ ಬೂದುಗುಂಬಳಕಾಯಿ, ಬಾನೆಟ್ಟಿಗೆ ಹಾರ. ಎಲ್ಲರ ಮನೆಯಲ್ಲೂ ನಡೆಯುವುದು ಇಲ್ಲೂ ನಡೆಯಿತು. ಎಲ್ಲರ ಮನೆಯಲ್ಲೂ ನಡೆಯದೇ ಇರುವುದು ಆಮೇಲೆ ನಡೆಯಿತು. ನಾಗೇಶನ ತಾಯಿ ಬೀರಮ್ಮ ಮನೆದೇವರ ಪುಟ್ಟ ಪಟವೊಂದನ್ನು ಸೆರಗಿನಿಂದ ತೆಗೆದು, ಸ್ಟೀರಿಂಗಿನ ಪಕ್ಕ, ಮುಂದಿನ ಗಾಜಿನ ಕೆಳಗೆ ಕೂರಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದಳು.

"ಇವತ್ತಿಂದ ಇದು ದೇವ್ರ ಕ್ವಾಣೆ ಕಣ್ರಪ್ಪ. ಮೆಟ್ಟು ಮೆಟ್ಕಂಡು ಯಾರೂ ಒಳಕ್ಕೆ ಕಾಲಿಕ್ಕಂಗಿಲ್ಲ."

"ಅವ್ವ, ಇದು ಕಾರು," ಅಂದ ನಾಗೇಶ.

"ನಾನೇನು ಎಮ್ಮೆ ಅಂದ್ನಾ? ಅಲ್ಲಿ ದೇವ್ರು ಕುಂತವ್ನೆ. ಅವ್ನ ಮಖದ ಮುಂದೆ ಮೆಟ್ಟು ಮೆಟ್ಕಂಡು ಕುಂತ್ಕತೀಯಾ? ಮನೇಲಿ ಅಂಗೆ ಕುಂತ್ಕತೀಯೇನ್ಲಾ?"

ಮನೆಯಲ್ಲಿ ಹಾಗೆ ಕೂರುತ್ತಿರಲಿಲ್ಲವಾದ್ದರಿಂದ ನಾಗೇಶ ಚಪ್ಪಲಿ ಬಿಟ್ಟ. ಅಂದಿನಿಂದ ಎಲ್ಲರೂ ಚಪ್ಪಲಿಯನ್ನು ಒಂದು ಚೀಲಕ್ಕೆ ಹಾಕಿ, ಚೀಲವನ್ನು ಡಿಕ್ಕಿಗೆ ಹಾಕಿ, ಬರಿಗಾಲಲ್ಲಿ ಕಾರು ಹತ್ತುವುದು ರೂಢಿಯಾಯಿತು. ಒಂದು ಸಂತೆಯ ದಿನ ಆ ಚೀಲ ಮನೆಯಲ್ಲೇ ಉಳಿದುಹೋಯಿತು. ನಾಗೇಶನ ತಂದೆ ಅಪ್ಪಾಜಿ ಮದ್ದೂರಿನ ಸಂತೆಯನ್ನೆಲ್ಲ ಬರಿಗಾಲಲ್ಲಿ ಸುತ್ತಬೇಕಾಯಿತು. ಏನೋ ದೊಡ್ಡ ಹರಕೆ ಹೊತ್ತಿದ್ದಾನೆ ಅಂದುಕೊಂಡು ಪರಿಚಯದವರು ದಾರಿ ಬಿಟ್ಟರು. ಸೊಪ್ಪಿನವಳು ಒಂದು ಕಟ್ಟು ಹೆಚ್ಚಿಗೆ ಹಾಕಿ ಕೈಮುಗಿದಳು. ಅಪ್ಪಾಜಿ ಅದಕ್ಕೆ ಮುಂಚೆ ಹೆಂಡತಿಯ ಈ ಕಟ್ಟಳೆಯನ್ನು ಬಯ್ಯುತ್ತಿದ್ದವನು, ಆಮೇಲೆ ಬಯ್ಯಲಿಲ್ಲ.

ನಾಗೇಶನಿಗೂ ಕಾರು ಕೊಟ್ಟದ್ದು ಕಡಿಮೆಯದಲ್ಲ. ಡೈರಿಯಲ್ಲಿ ಅವನು ಬರೀ ಹಾಲಿನ ನಾಗ. "ಏಯ್ ನಾಗ, ನೊರೆ ಇಳ್ದ ಮ್ಯಾಲೆ ಅಳಿಲಾ" ಅಂತ ನಿನ್ನೆ ಮೊನ್ನೆ ಹುಟ್ಟಿದವರೂ ಅನ್ನುತ್ತಿದ್ದರು. ಸ್ಟೀರಿಂಗ್ ಹಿಡಿದು ಕೂತ ಹೊತ್ತಿನಲ್ಲಿ ಅದೇ ಬಾಯಿಗಳು ನಾಗೇಶಣ್ಣ ಅಂದವು. ದಿನಾ ಬೆಳಿಗ್ಗೆ ಹೆಂಡತಿಯನ್ನು ಮದ್ದೂರಿನ ಶಾಲೆಯ ಗೇಟಿಗೆ ಬಿಟ್ಟು, ಗಾಜು ಇಳಿಸಿ, ಒಳಗಿರುವ ಟೀಚರುಗಳಿಗೆಲ್ಲ ಕೇಳುವಂತೆ "ಸಂಜೆ ಬತ್ತೀನಿ ಕಣಮ್ಮ" ಅಂದು ಬರುತ್ತಿದ್ದ.

ಕಾರ್ತೀಕ ಕಳೆದು ಚಳಿ ಬಿಗಿಯುವ ಹೊತ್ತಿಗೆ ಆಶಾರಾಣಿಗೆ ಬಡ್ತಿ ಬಂತು. ಬೆಳಕವಾಡಿ ದಾಟಿ ಒಳಗಿರುವ ಹಳ್ಳಿಯೊಂದರ ಶಾಲೆಗೆ ಮುಖ್ಯ ಶಿಕ್ಷಕಿ. ಬರುವ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೋಗಿ ಹಾಜರಾಗಬೇಕು. ಇಲ್ಲವಾದರೆ ಬೇಡವೆಂದು ಬರೆದುಕೊಟ್ಟು ಮದ್ದೂರಿನಲ್ಲೇ ಉಳಿಯಬೇಕು. ಒಮ್ಮೆ ಬೇಡವೆಂದವರನ್ನು ಬಡ್ತಿ ಬೇಗ ಹುಡುಕಿಕೊಂಡು ಬರುವುದಿಲ್ಲ.

ಬಸ್ಸಿನಲ್ಲಿ ಹೋಗಬಹುದಿತ್ತು. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು, ಬೆಳಕವಾಡಿಯಲ್ಲಿ ಇಳಿದು ಆಟೋ ಸಿಕ್ಕಿದರೆ ಆಟೋ, ಸಿಗದಿದ್ದರೆ ನಡಿಗೆ. ಎಷ್ಟು ಬೇಗ ಹೊರಟರೂ ಮಕ್ಕಳು ನಾಡಗೀತೆ ಮುಗಿಸಿ ಒಳಗೆ ಹೋದ ಮೇಲೆ ಮುಖ್ಯ ಶಿಕ್ಷಕಿ ಗೇಟಿನಲ್ಲಿ ಕಾಣಿಸಿಕೊಳ್ಳುವಂತಾಗುತ್ತಿತ್ತು. ತಡವಾಗಿ ಬಂದ ಮಕ್ಕಳನ್ನು ಇಷ್ಟು ವರ್ಷ ಹೊರಗೆ ನಿಲ್ಲಿಸಿದವಳು ಅವಳು.

"ಬುಟ್ಬುಡು ಅತ್ಲಾಗೆ," ಅಂದ ನಾಗೇಶ. "ಮದ್ದೂರೇ ವಾಸಿ. ನಾನೇ ದಿನಾ ಬುಟ್ಟು ಬತ್ತಿಲ್ವಾ?"

"ಬೆಳಕವಾಡಿಗೂ ಬಿಟ್ಟು ಬನ್ನಿ."

"ಡೈರೀಲಿ ಹಾಲು ನಮ್ಮಪ್ಪ ಅಳ್ಕತಾನಾ?"

"ಹಂಗಾದ್ರೆ ನಾನೇ ಓಡಿಸ್ಕೊಂಡು ಹೋಗ್ತೀನಿ. ಲೈಸೆನ್ಸ್ ಇದೆ."

"ಲೈಸೆನ್ಸ್ ಅದೆ. ಕಾಲು?"

ಮಾತು ಒರಟು, ಆದರೆ ಸುಳ್ಳಲ್ಲ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಅವಳು ತಾನು ಒತ್ತುತ್ತಿದ್ದೇನೆ ಅಂದುಕೊಂಡದ್ದರಲ್ಲಿ ಅರ್ಧ ಆತ ಒತ್ತಿದ್ದು. ಈ ಕಾರಿನಲ್ಲಿ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರೆ ಸ್ಟೀರಿಂಗ್ ಹೊಟ್ಟೆಗೆ ಒತ್ತುತ್ತಿತ್ತು. ಆದರೂ ಕ್ಲಚ್ಚಿಗೆ ತಗಲುತ್ತಿದ್ದುದು ಹೆಬ್ಬೆರಳು ಮಾತ್ರ. ತಳ ಮುಟ್ಟಿಸಬೇಕೆಂದರೆ ಸೀಟಿನಲ್ಲಿ ಕೆಳಕ್ಕೆ ಜಾರಬೇಕು. ಜಾರಿದರೆ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದುದು ರಸ್ತೆಯಲ್ಲ, ಬೀರಮ್ಮ ಕೂರಿಸಿದ ದೇವರು. ಬೆನ್ನಿಗೆ ದಿಂಬು ಕೊಟ್ಟರೆ ದಿಂಬು ಜಾರಿತು. ಕ್ಲಚ್ಚು ಸಿಕ್ಕಿದರೆ ದಾರಿ ಕಾಣುವುದಿಲ್ಲ, ದಾರಿ ಕಂಡರೆ ಕ್ಲಚ್ಚು ಸಿಗುವುದಿಲ್ಲ. ಸಂಸಾರದಲ್ಲಿ ಬಹಳ ಜನಕ್ಕೆ ಹೀಗೇ ಆಗುತ್ತದೆ, ಆದರೆ ಅವರು ಗೇರು ಹಾಕಬೇಕಾಗಿರುವುದಿಲ್ಲ.

ಅವಳ ಜೊತೆಯ ಟೀಚರು ಮಂಜುಶ್ರೀ ದಾರಿ ಹೇಳಿದಳು. ಮಂಜುಶ್ರೀಯ ಅಣ್ಣನಿಗೆ ಒಂದು ಕಾಲು ಪೋಲಿಯೋದಿಂದ ಸಣ್ಣ. ಅವನ ಕಾರಿನ ಪೆಡಲನ್ನು ಅವನ ಕಾಲಿಗೆ ತಕ್ಕಂತೆ ಉದ್ದ ಮಾಡಿಕೊಟ್ಟ ಅಂಗಡಿ ಮಂಡ್ಯದ ಗುತ್ತಲಿನಲ್ಲಿದೆ. ಪೆಡಲಿನ ಮೇಲೆ ಇನ್ನೊಂದು ದಪ್ಪ ತುಂಡು ಕೂರಿಸುತ್ತಾರೆ, ಅಷ್ಟೆ. ಕಾಲು ಹೋಗಲಾರದ ಕಡೆಗೆ ಪೆಡಲೇ ಬರುತ್ತದೆ.

ಬೀರಮ್ಮ ಇದನ್ನು ಕೇಳಿ, "ಪೂಜೆ ಆದ ಗಾಡಿಗೆ ಮೊಳೆ ಒಡೀತಾನಾ?" ಅಂದಳು.

"ಇಲ್ಲ ಅತ್ತೆ. ನಟ್ಟು, ಬೋಲ್ಟು."

"ಅಂಗಾರೆ ಓಗ್ಬನ್ನಿ."

ಗುತ್ತಲಿನ ಅಂಗಡಿಯ ರಘುನಂದನ್ ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿ, ಬರಿಗಾಲಲ್ಲಿ ನಿಂತಿದ್ದ. ಶಬರಿಮಲೆಯ ವ್ರತ. ಕಟ್ಟುನಿಟ್ಟಾಗಿ ಗಂಡಸರನ್ನೆಲ್ಲ ಸ್ವಾಮಿ ಅಂತಲೂ ಹೆಂಗಸರನ್ನೆಲ್ಲ ಮಾತಾ ಅಂತಲೂ ಕರೆಯುತ್ತಿದ್ದ. ಆಶಾರಾಣಿ ಡ್ರೈವರ್ ಸೀಟು ಹತ್ತುವ ಮುಂಚೆ ಅಭ್ಯಾಸದಂತೆ ಚಪ್ಪಲಿ ಬಿಡಲು ಹೋದಳು.

"ಬಿಡಬೇಡಿ ಮಾತಾ. ನೆಲದ ತುಂಬಾ ಕಬ್ಬಿಣದ ಸಿಬರು."

"ನೀವೇ ಬರಿಗಾಲಲ್ಲಿದೀರಲ್ಲ?"

"ನನಗೆ ಚುಚ್ಚಿದ್ರೆ ಅಯ್ಯಪ್ಪ ನೋಡ್ಕೋತಾನೆ. ನಿಮಗೆ ಚುಚ್ಚಿದ್ರೆ ನಾನು ನೋಡ್ಕೋಬೇಕು."

ಬೀರಮ್ಮ ಊರಿನಲ್ಲಿದ್ದಳು. ದೇವರ ಪಟ ಕಾರಿನಲ್ಲಿತ್ತು, ಆದರೆ ಅದು ಏನೂ ಹೇಳಲಿಲ್ಲ. ಆಶಾರಾಣಿ ಮನಸ್ಸಿನಲ್ಲೇ ಕೈಮುಗಿದು ಚಪ್ಪಲಿಯಲ್ಲೇ ಕೂತಳು. ಅವಳು ಶಾಲೆಗೆ ಹಾಕುತ್ತಿದ್ದುದು ಬೋರ್ಡಿಗೆ ಎಟುಕಲೆಂದು ಕೊಂಡ ದಪ್ಪ ಅಟ್ಟೆಯ ಚಪ್ಪಲಿ, ಹಿಮ್ಮಡಿಗೆ ಪಟ್ಟಿಯಿರುವುದು. ರಘುನಂದನ್ ಕುಕ್ಕರಗಾಲಲ್ಲಿ ಕೂತು, ಮೊಣಕಾಲು ಎಷ್ಟು ಮಡಿಚಿದೆ, ಹಿಮ್ಮಡಿ ಎಲ್ಲಿ ಊರುತ್ತದೆ, ಒತ್ತಿದಾಗ ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡಿ ನೋಡಿ ಗುರುತು ಹಾಕಿಕೊಂಡ. ಅಲ್ಯೂಮಿನಿಯಮ್ಮಿನ ತುಂಡು ಕೊಯ್ದು, ಮೇಲೆ ರಬ್ಬರು ಹೊದಿಸಿ, ಮೂರು ಪೆಡಲಿಗೂ ಹಿಡಿ ಹಾಕಿ ಬಿಗಿದ. ಹಿಮ್ಮಡಿ ಊರಲು ಕೆಳಗೊಂದು ಹಲಗೆ ಕೂರಿಸಿದ.

"ಈಗ ಒತ್ತಿ ಮಾತಾ."

ಒತ್ತಿದಳು. ಕ್ಲಚ್ಚು ಸದ್ದಿಲ್ಲದೆ ತಳಕ್ಕೆ ಹೋಯಿತು. ಬೆನ್ನು ಸೀಟಿಗೆ ಒರಗಿಯೇ ಇತ್ತು, ಕಣ್ಣು ರಸ್ತೆಯ ಮೇಲೇ ಇತ್ತು. ಅಂಗಡಿಯ ಮುಂದಿನ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಬಂದು ಇಳಿಯಲೇ ಇಲ್ಲ, ಇನ್ನೊಂದು ಸುತ್ತು ಹೋದಳು. ಹುಟ್ಟಿದಾಗಿನಿಂದ ಬೇರೆಯವರ ಅಳತೆಯ ಮೇಜು, ಬೇರೆಯವರ ಅಳತೆಯ ಬಸ್ಸಿನ ಕಂಬಿ, ಬೇರೆಯವರ ಅಳತೆಯ ಅಟ್ಟಕ್ಕೆ ತುದಿಗಾಲಲ್ಲಿ ಕೈಚಾಚಿದವಳಿಗೆ ಒಂದು ವಸ್ತು ತನ್ನ ಕಡೆಗೆ ಬಂದದ್ದು ಇದೇ ಮೊದಲು. ಎರಡನೇ ಸುತ್ತಿನಲ್ಲಿ ಸ್ವಲ್ಪ ಅತ್ತಳು ಅಂತ ಕಾಣುತ್ತದೆ. ಗಾಜು ಏರಿಸಿದ್ದರಿಂದ ಗೊತ್ತಾಗಲಿಲ್ಲ.

ನಾಗೇಶ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಬಾಗಿಲು ತೆರೆದು ಇಳಿದಾಗ ಕಾಲಿನ ಚಪ್ಪಲಿ ಅವನ ಕಣ್ಣಿಗೆ ಬಿತ್ತು. ಬಾಯಿಗೆ ಬರಲಿಲ್ಲ. ಅವನೇನು ಕೆಟ್ಟ ಆಳಲ್ಲ. ಕೆಟ್ಟವರಾದರೆ ಸುಳ್ಳು ಹೇಳುತ್ತಾರೆ. ಒಳ್ಳೆಯವರು ಅಂಥ ಹೊತ್ತಿನಲ್ಲಿ ಪಕ್ಕಕ್ಕೆ ತಿರುಗಿ ಬೀಡಾ ಅಂಗಡಿ ಎಲ್ಲಿದೆ ಅಂತ ಹುಡುಕುತ್ತಾರೆ.

"ನಾಳೆ ಇರುಮುಡಿ ಕಟ್ಟಿ ಹೊರಡ್ತೀನಿ ಸ್ವಾಮಿ," ಅಂದ ರಘುನಂದನ್. "ಏನಾದ್ರೂ ಹೆಚ್ಚು ಕಮ್ಮಿ ಇದ್ರೆ ಬೆಟ್ಟದಿಂದ ಬಂದ್ಮೇಲೆ."

ಹೈವೇ ಇದೆ, ಮೊದಲ ದಿನವೇ ಬೇಡ ಅಂತ ಊರಿಗೆ ನಾಗೇಶನೇ ಓಡಿಸಿದ. ಸೀಟನ್ನು ಎಷ್ಟು ಹಿಂದಕ್ಕೆ ತಳ್ಳಿದರೂ ಅವನ ಮೊಣಕಾಲು ಮಿಡತೆಯ ಹಾಗೆ ಮೇಲೆದ್ದು ಸ್ಟೀರಿಂಗಿಗೆ ತಗಲುತ್ತಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಆಶಾರಾಣಿ ಮನೆಯವರ ಮುಂದೆ ಕಾರು ತೆಗೆದಳು. ಬೀರಮ್ಮ ಹೊಸ್ತಿಲಲ್ಲಿ, ಅಪ್ಪಾಜಿ ಜಗಲಿಯ ಮೇಲೆ, ನಾಗೇಶ ಬೇಲಿಯ ಪಕ್ಕ. ಅವಳು ಚಪ್ಪಲಿಯನ್ನು ಜಗಲಿಯ ಕೆಳಗೆ ಬಿಟ್ಟು, ದೇವರಿಗೆ ಕೈಮುಗಿದು, ಕೂತು ಒತ್ತಿದಳು. ಕ್ಲಚ್ಚು ಹೋಯಿತು. ಪೂರ್ತಿ ಹೋಗಲಿಲ್ಲ. ಗೇರು ಕರಕರ ಅಂದು ಕಾರು ಎಗರಿ ನಿಂತಿತು. ಮತ್ತೆ ಹಾಗೇ ಆಯಿತು. ಆಮೇಲಿನ ಸಲ ಅದು ನಿಲ್ಲದೆ ನೇರವಾಗಿ ಹೋಗಿ, ಮೂತಿಯನ್ನು ತಿಪ್ಪೆಯೊಳಗೆ ಇಟ್ಟು ಸುಮ್ಮನಾಯಿತು. ಕೋಳಿಗಳು ಮಾತ್ರ ಕೂಗಿಕೊಂಡವು.

ಅಪ್ಪಾಜಿ ಸ್ವಲ್ಪ ಹೊತ್ತು ನೋಡಿ, "ಗೊಬ್ರ ಒಡೆಯಕ್ಕೆ ಟ್ಯಾಕ್ಟರೇ ಸಾಕಾಗಿತ್ತು," ಅಂದ.

"ಅಳತೆ ತಪ್ಪಾಗ್ಬುಟ್ಟದೆ," ಅಂದ ನಾಗೇಶ, ಬೇಲಿ ಕಡ್ಡಿ ಮುರಿಯುತ್ತ.

ಆಶಾರಾಣಿ ಇಳಿಯಲಿಲ್ಲ. ಬಗ್ಗಿ ತನ್ನ ಕಾಲನ್ನು ನೋಡಿಕೊಂಡಳು, ಆಮೇಲೆ ಜಗಲಿಯ ಕೆಳಗಿದ್ದ ಚಪ್ಪಲಿಯನ್ನು. ಬೇಕಾಗಿದ್ದದ್ದು ಒಂದು ಅಟ್ಟೆಯಷ್ಟು ದಪ್ಪ. ಗುತ್ತಲಿನಲ್ಲಿ ಅದು ಕಾಲಿನ ಜೊತೆಯಲ್ಲಿತ್ತು, ಇಲ್ಲಿ ಭಕ್ತಿಯ ದೆಸೆಯಿಂದ ಹೊರಗಿತ್ತು. ಎದ್ದು ಹೋಗಿ ಚಪ್ಪಲಿಯನ್ನು ಕೈಗೆತ್ತಿಕೊಂಡು ಕಾರಿನ ಕಡೆ ಬಂದಳು. ಬೀರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅದ್ನ ಎಲ್ಲಿಗೆ ತತ್ತಿದ್ದೀಯವ್ವ?"

"ಇದನ್ನ ಹಾಕ್ಕೊಂಡ್ರೆ ಎಟುಕುತ್ತೆ ಅತ್ತೆ. ಇದನ್ನ ಹಾಕ್ಕೊಂಡಾಗ್ಲೇ ಅಳತೆ ತಗೊಂಡಿದ್ದು."

"ಎಟುಕ್ನಿಲ್ಲ ಅಂದ್ರೆ ದೇವ್ರು ಬ್ಯಾಡ ಅಂತವ್ನೆ ಅಂತ."

"ದೇವರಿಗೂ ಕ್ಲಚ್ಚಿಗೂ ಏನತ್ತೆ ಸಂಬಂಧ?"

"ಅವ್ನಿಗೆ ಸಂಬಂದ ಇಲ್ದಿರೋದು ಒಂದು ಏಳು ನೋಡಾನ."

ಆಶಾರಾಣಿ ಯೋಚಿಸಿದಳು. ಒಂದೂ ಸಿಗಲಿಲ್ಲ. ಅವಳೂ ದೈವಭಕ್ತಿಯ ಮನೆಯಿಂದ ಬಂದವಳೇ.

ರಘುನಂದನ್‌ಗೆ ಫೋನು ಮಾಡಿದರೆ ಹಿಂದೆ ಬಸ್ಸಿನ ತುಂಬ ಶರಣು ಕೂಗು. "ಬಂದ ಮೇಲೆ ದಪ್ಪ ಹೆಚ್ಚಿಸೋಣ ಮಾತಾ," ಅಂತ ಕೂಗಿ ಹೇಳಿದ. "ಅಲ್ಲೀಗಂಟ ಪೆಡಲಿಗೆ ಮರ, ಬಟ್ಟೆ ಏನೂ ಕಟ್ಟಬೇಡಿ. ಬ್ರೇಕ್ ಮೇಲಿಂದ ಜಾರಿದ್ರೆ ಮುಗೀತು." ಅವನು ಬರುವುದು ಮುಂದಿನ ವಾರದ ಕೊನೆಗೆ. ಹಾಜರಾಗಬೇಕಾದದ್ದು ಸೋಮವಾರ.

ಪಟ ತೆಗೆದುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆ ಮಾತನ್ನು ಯಾರೂ ಆಡಲಿಲ್ಲ. ಕೂತಿರುವ ದೇವರನ್ನು ಏಳು ಅನ್ನುವುದು ಆ ವಂಶದಲ್ಲಿ ಇರಲಿಲ್ಲ.

ಸಂಜೆ ಹೂ ಕಟ್ಟುತ್ತಿದ್ದ ಅತ್ತೆಯ ಪಕ್ಕ ಬಂದು ಕೂತು ಆಶಾರಾಣಿ ಹೇಳಿದಳು: "ಸೋಮವಾರ ಬಡ್ತಿ ಬೇಡ ಅಂತ ಬರೆದುಕೊಟ್ಟು ಬರ್ತೀನಿ."

ಬೀರಮ್ಮನ ಬೆರಳು ನಿಂತಿತು. ಊರಿನ ಹೆಂಗಸರಿಗೆಲ್ಲ ಅವಳು ಆಗಲೇ ಹೇಳಿ ಆಗಿತ್ತು, ನಮ್ಮ ಸೊಸೆ ಎಡ್ ಮೇಡಮ್ಮು, ಇನ್ನು ಮೇಲೆ ಮೇಷ್ಟ್ರುಗಳೇ ಅವಳಿಗೆ ನಮಸ್ಕಾರ ಹಾಕಬೇಕು ಅಂತ.

"ನಾನು ಓಗಬ್ಯಾಡ ಅಂದ್ನಾ? ಬರಿಗಾಲಲ್ಲಿ ಓಗು ಅಂದೆ."

"ಬರಿಗಾಲಲ್ಲಿ ಹೋಗಕ್ಕಾಗಲ್ಲ ಅತ್ತೆ."

ಬೀರಮ್ಮ ಕಟ್ಟಿದ ಎರಡು ಹೂವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಸೊಸೆ ಒಂದು ಕಡೆ, ದೇವರು ಒಂದು ಕಡೆ. ಇಬ್ಬರನ್ನೂ ಮನೆಗೆ ಕರೆತಂದವಳು ತಾನೇ. ಕೊನೆಗೆ, "ನಾಳಿಕೆ ಸಿವಯ್ಯನ ಮನೆ ಪಾಯಕ್ಕೆ ಬಸಪ್ಪ ಬತ್ತಾನೆ," ಅಂದಳು. "ಅವ್ನನ್ನೇ ಕೇಳಮ. ಅವ್ನು ಏನಂದ್ರೆ ಅದು."

ನಮ್ಮ ಕಡೆ ಬಸಪ್ಪ ಅಂದರೆ ದೇವರಿಗೆ ಬಿಟ್ಟ ಬಸವ. ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ಪೂಜಾರಿಯ ಜೊತೆ ಊರೂರು ನಡೆದು ಹೋಗುತ್ತಾನೆ. ಮನೆ ಎಲ್ಲಿ ಕಟ್ಟಲಿ, ಬೋರು ಎಲ್ಲಿ ಕೊರೆಸಲಿ, ಈ ಸಂಬಂಧ ಆಗುತ್ತದಾ ಅಂತ ಜನ ಅವನ ಮುಂದೆ ಕೂತು ಬೊಗಸೆ ಒಡ್ಡಿ ಕೇಳುತ್ತಾರೆ. ಒಪ್ಪಿಗೆಯಾದರೆ ಮುಂಗಾಲು ಎತ್ತಿ ಬೊಗಸೆಯಲ್ಲಿ ಪಾದ ಇಡುತ್ತಾನೆ. ಇಲ್ಲವಾದರೆ ಮುಖ ತಿರುಗಿಸಿ ಹೋಗುತ್ತಾನೆ. ಹೋದ ಮೇಲೆ ಅಪೀಲು ಇಲ್ಲ.

ಭಾನುವಾರ ಬೆಳಿಗ್ಗೆ, ಧನುರ್ಮಾಸ ಹಿಡಿಯುವ ಮೊದಲೇ ಪಾಯ ಮುಗಿಸಬೇಕೆಂಬ ಆತುರದಲ್ಲಿ ಪಕ್ಕದ ಮನೆ ಶಿವಯ್ಯ ಓಡಾಡುತ್ತಿದ್ದ. ಬಸಪ್ಪ ಬಂದ. ಕೊಂಬಿಗೆ ಹಿತ್ತಾಳೆ ಅಣಸು, ಬೆನ್ನಿಗೆ ಕೆಂಪು ಜೂಲು, ಹಣೆ ತುಂಬ ವಿಭೂತಿ. ಹಗ್ಗ ಹಿಡಿದವನು ಪೂಜಾರಿ ಮುದ್ದಯ್ಯ. ಶಿವಯ್ಯನ ಮನೆಗೆ ಮೂಲೆ ತೋರಿಸಿ ಆದ ಮೇಲೆ ಬೀರಮ್ಮ ಮುಂದೆ ಬಂದು ನೆಲದ ಮೇಲೆ ಕೂತು, ಸೆರಗು ಹರಡಿ, ಅದರ ಮೇಲೆ ಎರಡು ಕೈ ಜೋಡಿಸಿ ಇಟ್ಟಳು. ಆಶಾರಾಣಿ ಅವಳ ಹಿಂದೆ. ನಾಗೇಶ ಇನ್ನೂ ಹಿಂದೆ, ಎತ್ತರವಿದ್ದುದರಿಂದ ಎಲ್ಲ ಕಾಣುತ್ತಿತ್ತು.

"ತಂದೆ, ನಮ್ಮ ಸೊಸೆ ಗಾಡಿ ಓಡುಸ್ಕಂಡು ಕೆಲ್ಸಕ್ಕೆ ಓಗ್ಬೇಕು ಅಂತವ್ಳೆ. ನಿಂಗೆ ಒಪ್ಗೆನಾ?"

ಬಸಪ್ಪ ಅವಳ ತಲೆಯನ್ನು ಮೂಸಿದ. ಆಚೆ ನೋಡಿದ. ನಾಗೇಶ ಉಸಿರು ಹಿಡಿದ. ಬಸಪ್ಪ ನೊಣ ಓಡಿಸಿಕೊಂಡು, ಮತ್ತೆ ಈಚೆ ತಿರುಗಿ, ಬಲಗಾಲನ್ನು ನಿಧಾನವಾಗಿ ಎತ್ತಿ ಬೀರಮ್ಮನ ಬೊಗಸೆಯೊಳಕ್ಕೆ ಇಟ್ಟ. ಹೂವಿನ ಹಾಗೆ ಇಟ್ಟ. ಸುತ್ತ ನಿಂತವರು ಕೈಮುಗಿದರು.

ನಾಗೇಶ ಜನರ ನಡುವೆ ದಾರಿ ಮಾಡಿಕೊಂಡು ಬಂದ. "ಒಪ್ದ ಕಣವ್ವ. ಬರಿಗಾಲಲ್ಲಿ ಓಗ್ಲಿ ಅಂತವ್ನೆ."

ಬರಿಗಾಲಿನ ಮಾತನ್ನು ಬಸಪ್ಪನನ್ನು ಯಾರೂ ಕೇಳಿರಲಿಲ್ಲ. ಬೀರಮ್ಮ ಅದನ್ನು ಗಮನಿಸಲೂ ಇಲ್ಲ. ಅವಳು ಬಗ್ಗಿ ಬೊಗಸೆಯನ್ನೇ ನೋಡುತ್ತಿದ್ದಳು. ಪಾದದಡಿ ಏನೋ ತಣ್ಣಗೆ ಕೊರೆಯುತ್ತಿತ್ತು.

"ಏನಪ್ಪಾ ಮುದ್ದಯ್ಯ ಇದು, ಕಾಲಲ್ಲಿ?"

"ಲಾಳ ಕಣವ್ವ. ಮದ್ಲು ಮಣ್ಣು ದಾರಿ, ಇವಾಗ ಎಲ್ಲಾ ಕಡೆ ಟಾರು. ಗೊರಸು ಸವ್ದು ರಕ್ತ ಬತ್ತಿತ್ತು. ಓದ್ವಾರ ಮಳವಳ್ಳೀಲಿ ಕಟ್ಟುಸ್ದೊ."

"ಗುಡಿ ಒಳಕ್ಕೆ ಓಗೋವಾಗ ಬಿಚ್ತೀರಾ?"

"ಬಿಚ್ಚಕ್ಕೆ ಅದೇನು ಅವಾಯಿ ಚಪ್ಲಿನಾ? ಮೊಳೆ ಒಡ್ದದೆ. ಅಂಗೇ ಗರ್ಬಗುಡಿ ಬಾಗ್ಲುಗಂಟ ಬತ್ತಾನೆ."

"ದೇವ್ರು ಏನೂ ಅನ್ಲಿಲ್ವಾ?"

ಮುದ್ದಯ್ಯ ಯೋಚಿಸಿದ. "ನಮಗೇನೂ ಅನ್ಲಿಲ್ಲ ಕಣವ್ವ. ಕಾಲು ನೋಯ್ತಿದ್ದಾಗ ಇವ್ನು ಒಂದು ತಿಂಗ್ಳು ಯಾರ್ಗೂ ಪಾದ ಕೊಟ್ಟಿರ್ಲಿಲ್ಲ. ಲಾಳ ಕಟ್ಟಿದ್ ಮ್ಯಾಲೆ ಕೊಡ್ತಾವ್ನೆ."

ಬೀರಮ್ಮ ಲಾಳಕ್ಕೆ ಹಣೆ ಮುಟ್ಟಿಸಿ, ಕಬ್ಬಿಣವನ್ನು ಕಣ್ಣಿಗೊತ್ತಿಕೊಂಡು ಎದ್ದಳು. ಮನೆಗೆ ಬಂದಳು. ಊಟ ಬಡಿಸಿದಳು, ತಾನು ಉಂಡಳು, ಎಲೆ ಅಡಿಕೆ ಹಾಕಿಕೊಂಡಳು. ಸಂಜೆಯ ಹೊತ್ತಿಗೆ ಜಗಲಿಯ ಕೆಳಗಿನಿಂದ ಸೊಸೆಯ ಒಂದು ಚಪ್ಪಲಿಯನ್ನು ತೆಗೆದು, ಪೇಪರಿನಲ್ಲಿ ಸುತ್ತಿ, ಅಪ್ಪಾಜಿಯನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿ ಮದ್ದೂರಿಗೆ ಹೋದಳು. ಅಂಗಡಿಯವನು ಏನು ತೋರಿಸಿದರೂ ಅವಳು ನೋಡಿದ್ದು ಅಟ್ಟೆಯನ್ನು ಮಾತ್ರ. ಹಳೆಯದನ್ನು ಒಂದು ಕೈಯಲ್ಲಿ, ಹೊಸದನ್ನು ಒಂದು ಕೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ನೋಡಿ, ಕಣ್ಣು ಮುಚ್ಚಿ ಇನ್ನೊಮ್ಮೆ ಹಿಸುಕಿ, "ಇದೇ," ಅಂದಳು.

ಮನೆಗೆ ತಂದು ಆ ಹೊಸ ಜೋಡಿಯ ಪಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಎಸಳು ಹೂ ಸಿಕ್ಕಿಸಿ, ನೆಲಕ್ಕೆ ತಾಗಿಸದೆ ಹಾಗೇ ಕೈಯಲ್ಲಿ ಎತ್ತಿಕೊಂಡು ಹೋಗಿ, ಕಾರಿನೊಳಗೆ ಪೆಡಲಿನ ಮುಂದಿನ ಹಲಗೆಯ ಮೇಲೆ ಜೋಡಿಸಿದಳು.

"ಇದು ಮೆಟ್ಟಲ್ಲ ಕಣವ್ವ, ಗಾಡಿ ಲಾಳ. ಗಾಡಿ ಬುಟ್ಟು ಕ್ಯಳಕ್ಕೆ ಇಳಿಯಂಗಿಲ್ಲ. ಅತ್ತುವಾಗ ಬರಿಗಾಲು, ಇಳಿಯುವಾಗ ಬರಿಗಾಲು. ನಡುವೆ ಇದು. ತಿಳೀತಾ?"

"ತಿಳೀತು ಅತ್ತೆ."

ಬೇಲಿಯ ಮೇಲಿಂದ ನೋಡುತ್ತಿದ್ದ ಶಿವಯ್ಯನ ಹೆಂಡತಿ ಯಶೋದಮ್ಮ, "ಬೀರಕ್ಕ, ಮಂಗ್ಳಾರ್ತಿ ಎತ್ತಲ್ವಾ ಚಪ್ಲಿಗೆ?" ಅಂತ ಕಿಚಾಯಿಸಿದಳು.

"ನಾಳಿಕೆ ಎತ್ತೀನಿ. ಬಾ, ನಿಂಗೂ ಕೊಡ್ತೀನಿ," ಅಂದಳು ಬೀರಮ್ಮ, ನಗದೆ.

ನಾಗೇಶ ಕಾರಿನ ಸುತ್ತ ಒಂದು ಸುತ್ತು ಬಂದ. "ಅವ್ವ, ನಂಗೂ ಏನಾರ ಒಂದು ದಾರಿ ಮಾಡಿದ್ರೆ ಆಗ್ತಿತ್ತು."

"ನಿಂಗ್ಯಾಕ್ಲಾ? ನಿಂಗೆ ಎಟುಕ್ತದಲ್ಲ."

"ಮಂಡಿ ಬಡೀತದೆ. ಅವ್ಳಿಗೆ ಅಂತ ಪೆಡ್ಲು ಮುಂದಕ್ ತಂದವ್ರೆ. ನಾನು ಎಂಗೆ ಓಡುಸ್ಲಿ?"

"ನೀನು ಓಡುಸ್ಬೇಕಾ ಅಂತ ಬಸಪ್ಪನ್ನ ಯಾರು ಕೇಳುದ್ರು?"

ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನನ್ನುತ್ತಿದ್ದನೋ, ಕೇಳುವ ಧೈರ್ಯ ನಾಗೇಶನಿಗೂ ಇರಲಿಲ್ಲ. ಊಟ ಮುಗಿದ ಮೇಲೆ ಅಂಗಳದಲ್ಲಿ ಕೈ ತೊಳೆಯುತ್ತ ಹೆಂಡತಿಗೆ ಮೆಲ್ಲಗೆ ಹೇಳಿದ: "ಗುತ್ತಲಲ್ಲೇ ನೋಡಿದ್ದೆ ಕಣೆ, ನಿನ್ನ ಕಾಲಲ್ಲಿ ಮೆಟ್ಟಿದ್ದದ್ದ."

ಆಶಾರಾಣಿ ಚೊಂಬಿನಿಂದ ನೀರು ಹಾಕುತ್ತಲೇ ಇದ್ದಳು. "ನೀವು ನನ್ನ ಕಾಲನ್ನೇ ನೋಡ್ತಿದ್ದಿದ್ದು ನಂಗೂ ಕಾಣಿಸ್ತು. ಮೆಚ್ಕೊಂಡು ನೋಡ್ತಿದೀರಿ ಅಂದ್ಕೊಂಡಿದ್ದೆ."

ನೀರು ಮುಗಿದರೂ ಅವನು ಕೈ ಉಜ್ಜಿಕೊಳ್ಳುತ್ತಲೇ ಇದ್ದ.

ಸೋಮವಾರ ಬೆಳಿಗ್ಗೆ ಆಶಾರಾಣಿ ಹಸಿರು ರೇಷ್ಮೆ ಅಂಚಿನ ಸೀರೆ ಉಟ್ಟು, ಅತ್ತೆ ಮಾವನ ಕಾಲಿಗೆ ಬಿದ್ದು, ಬರಿಗಾಲಲ್ಲಿ ಕಾರು ಹತ್ತಿದಳು. ಒಳಗೆ ಕೂತು, ದೇವರಿಗೆ ಕೈಮುಗಿದು, ಲಾಳ ತೊಟ್ಟು, ಪಟ್ಟಿ ಬಿಗಿದುಕೊಂಡಳು. ಬೀರಮ್ಮನ ಲೆಕ್ಕದಲ್ಲಿ ಕಾರು ಅಂದರೆ ಮೊದಲು ಎಗರಬೇಕು, ನಿಲ್ಲಬೇಕು, ಮತ್ತೆ ಎಗರಬೇಕು. ಅಷ್ಟರಲ್ಲಿ ಆರತಿ ತಂದರಾಯಿತು ಅಂತ ಒಳಗೆ ಹೋಗಿ ತಟ್ಟೆಗೆ ಕರ್ಪೂರ ಹಾಕಿ, ಹಚ್ಚಿ, ಕೈ ಅಡ್ಡ ಹಿಡಿದುಕೊಂಡು ಹೊರಗೆ ಬಂದಳು.

ಅಂಗಳ ಖಾಲಿಯಿತ್ತು. ಕಾರು ಒಂದು ಸಲವೂ ಎಗರದೆ, ಕೋಳಿಗಳಿಗೂ ತಿಳಿಯದ ಹಾಗೆ ಹೊರಟುಹೋಗಿತ್ತು. ನಾಲೆಯ ಏರಿಯ ತುದಿಯಲ್ಲಿ, ಕಬ್ಬಿನ ಗಾಡಿಯೊಂದಕ್ಕೆ ದಾರಿ ಬಿಡಲು ನಿಂತು, ಮತ್ತೆ ಸಲೀಸಾಗಿ ಮಳವಳ್ಳಿ ಕಡೆಗೆ ತಿರುಗಿದ್ದು ಕಂಡಿತು.

"ಇಷ್ಟು ಬಿರ್ರನೆ ಓಯ್ತಾಳೆ ಅಂತ ಗೊತ್ತಿದ್ದಿದ್ರೆ ಮದ್ಲೇ ಅಚ್ತಿದ್ದೆ," ಅಂದಳು ಬೀರಮ್ಮ, ಯಾರಿಗೋ.

ಹಚ್ಚಿದ ಕರ್ಪೂರವನ್ನು ಯಾರಿಗೂ ಬೆಳಗದೆ ಆರಿಸಬಾರದು. ಅವಳು ಸುತ್ತ ನೋಡಿದಳು. ಡೈರಿಗೆ ಹೊತ್ತಾಯಿತೆಂದು ನಾಗೇಶ ಹಳೆಯ ಮೊಪೆಡ್ಡಿಗೆ ಕ್ಯಾನು ಕಟ್ಟಿ, ಅದರ ಮೇಲೆ ಕೂತು ಒದೆಯುತ್ತಿದ್ದ. ಬೀರಮ್ಮ ನೇರವಾಗಿ ಅವನ ಮುಂದೆ ಬಂದು ನಿಂತು, ಮೊಪೆಡ್ಡಿಗೂ ಕ್ಯಾನಿಗೂ ಮಗನಿಗೂ ಸೇರಿಸಿ ಬೆಳಗತೊಡಗಿದಳು. ಅವನು ಯಾಕೆಂದು ಕೇಳಲು ಬಾಯಿ ತೆರೆದ. ತಾಯಿಯ ಮುಖ ನೋಡಿದ. ಆಮೇಲೆ ತಾನಾಗಿಯೇ ಕಾಲಿನ ಚಪ್ಪಲಿ ಕಳಚಿ ನೆಲಕ್ಕೆ ಬೀಳಿಸಿ, ಕೈ ಜೋಡಿಸಿದ.